ಯಾರಿಗೆ ಎಂದು ಹೇಳುವುದಿಲ್ಲ

ಒಂಟಿಕೊಪ್ಪಲ್, ಮೈಸೂರು
೧೬ ಸೆಪ್ಟೆಂಬರ್ ೧೯೫೧

ಗಿರಿಜಾಂಬಾ ಟೀಚರಮ್ಮನವರಿಗೆ ಚಾಮುಂಡಮ್ಮನ ನಮಸ್ಕಾರ.

ಕಾಗದ ಹೇಗೆ ಶುರು ಮಾಡಬೇಕೆಂದು ನೀವು ಹಲಗೆಯ ಮೇಲೆ ಬರೆಸಿದ್ದು ನೆನಪಿದೆ. ಅದನ್ನೆಲ್ಲ ಬರೆದರೆ ಅರ್ಧ ಹಾಳೆ ಅಲ್ಲೇ ಮುಗಿದುಹೋಗುತ್ತದೆ. ನಾನು ನೇರವಾಗಿ ವಿಷಯಕ್ಕೆ ಬರುತ್ತೇನೆ, ತಪ್ಪು ತಿಳಿಯಬೇಡಿ.

ನಿಮ್ಮ ಮನೆಯವರಿಗೆ ಚಿತ್ರದುರ್ಗಕ್ಕೆ ವರ್ಗವಾಗಿ ನೀವು ಹೊರಟುಹೋದ ಮೇಲೆ ನಮ್ಮ ಅಕ್ಷರದ ತರಗತಿ ನಿಂತಿತು. ನಮ್ಮ ವಠಾರದ ಯಜಮಾನ ಗುರುಮಲ್ಲಪ್ಪನವರ ಜಗುಲಿಯಲ್ಲಿ ಈಗ ಅವರ ಛತ್ರಕ್ಕೆ ಬೇಕಾದ ಊಟದೆಲೆಯ ಕಟ್ಟು ಪೇರಿಸುತ್ತಾರೆ. ನಾನೇ ಕಡ್ಡಿ ಚುಚ್ಚಿ ಹಚ್ಚಿದ ಎಲೆ. ನಾನು ಅ ಆ ತಿದ್ದಿದ ಜಾಗದಲ್ಲಿ ನನ್ನ ಎಲೆಗಳೇ ಕೂತಿವೆ.

ಮೊನ್ನೆ ಓಟರ ಪಟ್ಟಿ ನೋಡಲು ಹೋಗಿದ್ದೆ. ಅಲ್ಲಿದ್ದ ಗುಮಾಸ್ತ, ‘ಯಾರ ಹೆಸ್ರು ನೋಡ್ಬೇಕಮ್ಮ, ಹೇಳು, ನಾನು ಓದ್ತೀನಿ’ ಅಂದ. ‘ಬೇಡಿ, ನಾನೇ ಓದ್ಕೋತೀನಿ’ ಅಂದೆ. ಒಂದು ಗಂಟೆ ಹಿಡಿಯಿತು. ಕೊನೆಗೆ ಸಿಕ್ಕಿತು. ಚಾಮುಂಡಮ್ಮ, ಗಂಡ ದಿವಂಗತ ಮಹದೇವು, ವಯಸ್ಸು ೪೫. ಅಚ್ಚಿನಲ್ಲಿ ನನ್ನ ಹೆಸರು ನೋಡಿದ್ದು ಅದೇ ಮೊದಲು ಟೀಚರಮ್ಮ. ಬೆರಳಿಟ್ಟು ಇನ್ನೊಂದು ಸಲ ಓದಿದೆ.

ಆದರೆ ನಮ್ಮ ವಠಾರದ ಮಾದೇವಮ್ಮನ ಹೆಸರೇ ಇಲ್ಲ. ‘ಬೀರಯ್ಯನ ಹೆಂಡತಿ’ ಎಂದಿದೆ. ಹೆಸರು ಕೊಡದ ಹೆಂಗಸರನ್ನೆಲ್ಲ ಪಟ್ಟಿಯಿಂದ ಹೊಡೆದುಹಾಕುತ್ತಾರಂತೆ. ಮಾರನೆಯ ದಿನವೇ ಮಾದೇವಮ್ಮನನ್ನು ಎಳೆದುಕೊಂಡು ಹೋಗಿ ಸರಿಮಾಡಿಸಿದೆ. ‘ಹೆಸ್ರು ಹೇಳಮ್ಮ’ ಅಂದರೆ ಸೆರಗಿನೊಳಗೆ ನಗುತ್ತಾಳೆ. ಮೂರನೆಯ ಸಲಕ್ಕೆ ಹೇಳಿದಳು.

ನಿಮ್ಮ ಹೆಸರು ಅಲ್ಲಿನ ಪಟ್ಟಿಯಲ್ಲಿ ಸರಿಯಾಗಿ ಬಂದಿದೆಯೇ? ನೋಡಿ ತಿಳಿಸಿ.

ಇಂತಿ,
ಚಾಮುಂಡಮ್ಮ

•

ಚಿತ್ರದುರ್ಗ
೨ ಅಕ್ಟೋಬರ್ ೧೯೫೧

ಸಂತೋಷದ ವಿಷಯ ಬರೆದಿದ್ದೀರಿ, ಚಾಮುಂಡಮ್ಮನವರೇ.

ನಿಮ್ಮ ಪತ್ರವನ್ನು ನಮ್ಮ ಶಾಲೆಯ ದೊಡ್ಡ ತರಗತಿಯ ಹುಡುಗಿಯರಿಗೆ ಓದಿಹೇಳಿದೆ. ಮೂರು ವರ್ಷಗಳ ಹಿಂದೆ ಹೆಬ್ಬೆಟ್ಟು ಒತ್ತುತ್ತಿದ್ದ ಒಬ್ಬ ತಾಯಿ ಇಂದು ಮತದಾರರ ಪಟ್ಟಿಯನ್ನು ತಾವೇ ಓದಿ, ಇನ್ನೊಬ್ಬರ ಹೆಸರನ್ನೂ ತಿದ್ದಿಸಿದ್ದಾರೆಂದರೆ ಇದಕ್ಕಿಂತ ದೊಡ್ಡ ಪಾಠ ಯಾವ ಪುಸ್ತಕದಲ್ಲಿದೆ?

ಒಂದು ಮಾತು ಮರೆಯಬೇಡಿ. ಈ ಗಣರಾಜ್ಯದಲ್ಲಿ ಅರಮನೆಯವರದೂ ಒಂದೇ ಮತ, ಎಲೆ ಹಚ್ಚುವವರದೂ ಒಂದೇ ಮತ. ಅದು ಗುಪ್ತವಾದದ್ದು. ತಂದೆಯಾಗಲಿ, ಗಂಡನಾಗಲಿ, ಸರ್ಕಾರವಾಗಲಿ, ನೀವು ಯಾರಿಗೆ ಹಾಕಿದಿರಿ ಎಂದು ಕೇಳುವ ಅಧಿಕಾರ ಯಾರಿಗೂ ಇಲ್ಲ. ಪರದೆಯ ಹಿಂದೆ ಪ್ರಜೆಯೇ ಪ್ರಭು.

ನನ್ನ ಹೆಸರಿನ ಬಗ್ಗೆ ನಿಮಗೆ ಚಿಂತೆ ಬೇಡ. ನಮ್ಮ ಮನೆಯವರು ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರು. ಪಟ್ಟಿ ತಯಾರಾದದ್ದೇ ಅವರ ಕಚೇರಿಯಲ್ಲಿ.

ಇಲ್ಲಿ ಬಿಸಿಲು ಹೆಚ್ಚು, ನೀರು ಕಡಿಮೆ. ಮೈಸೂರು ನೆನಪಾಗುತ್ತದೆ.

ನಿಮ್ಮ,
ಗಿರಿಜಾಂಬಾ

•

ಒಂಟಿಕೊಪ್ಪಲ್
೯ ಡಿಸೆಂಬರ್ ೧೯೫೧

ಟೀಚರಮ್ಮನವರಿಗೆ ನಮಸ್ಕಾರ.

ನೀವು ಬರೆದದ್ದನ್ನು ಬಾಯಿಪಾಠ ಮಾಡಿಕೊಂಡಿದ್ದೆ. ಅದು ಇಷ್ಟು ಬೇಗ ಕೆಲಸಕ್ಕೆ ಬರುತ್ತದೆಂದು ಗೊತ್ತಿರಲಿಲ್ಲ.

ಗುರುಮಲ್ಲಪ್ಪನವರ ಬೀಗರು ಚುನಾವಣೆಗೆ ನಿಂತಿದ್ದಾರೆ. ಏಣಿ ಅವರ ಗುರುತು. ಇವತ್ತು ಭಾನುವಾರ ಗುರುಮಲ್ಲಪ್ಪನವರು ತಮ್ಮ ಮೂರು ವಠಾರದ ಹೆಂಗಸರನ್ನೂ ಹಿಂದಿನ ಬೀದಿಯವರನ್ನೂ ಛತ್ರಕ್ಕೆ ಕರೆಸಿದರು. ಅರಿಶಿನ ಕುಂಕುಮ, ತಾಂಬೂಲ ಎಲ್ಲ ಕೊಟ್ಟರು. ಆಮೇಲೆ ಬಾಗಿಲ ಹತ್ತಿರ ದೇವಿಯ ಪಟ ಇಟ್ಟು ಕರ್ಪೂರ ಹಚ್ಚಿದರು. ಒಬ್ಬೊಬ್ಬರೇ ಬಂದು ಉರಿಯ ಮೇಲೆ ಕೈ ಹಿಡಿದು, ‘ನನ್ನ ಓಟು ಏಣಿಗೆ’ ಎಂದು ಆಣೆ ಮಾಡಿ ಹೋಗಬೇಕು. ಅವರ ಗುಮಾಸ್ತ ಪಕ್ಕದಲ್ಲಿ ಕೂತು ಹೆಸರು ಗುರುತು ಹಾಕಿಕೊಳ್ಳುತ್ತಿದ್ದ. ನನ್ನ ಸರದಿ ಬಂತು.

‘ಬಾ ಚಾಮುಂಡಮ್ಮ. ದೇವಿ ಹೆಸ್ರೇ ಇಟ್ಕೊಂಡಿದ್ದೀಯ, ನೀನೇ ಮೊದ್ಲು ಮಾಡ್ಬೇಕಾಗಿತ್ತು’ ಅಂದರು.

‘ನಾನು ಆಣೆ ಮಾಡಾಕಿಲ್ಲ ಯಜಮಾನ್ರೆ’ ಅಂದೆ.

‘ಯಾಕೆ? ಬೇರೆಯವ್ರಿಗೆ ಹಾಕ್ತೀಯಾ?’

‘ಅಂಗಂತ ಹೇಳ್ಲಿಲ್ಲ.’

‘ಹಾಗಾದ್ರೆ ಏಣಿಗೇ ಹಾಕ್ತೀಯಾ?’

‘ಅಂಗಂತಾನೂ ಹೇಳ್ಲಿಲ್ಲ.’

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಅವರ ಮುಖ ಕೆಂಪಾಯಿತು. ‘ಏಣಿಗೇ ಹಾಕೋದಾದ್ರೆ ಬಾಯಿಬಿಟ್ಟು ಹೇಳೋಕೆ ಏನು ಕಷ್ಟ ನಿಂಗೆ?’

‘ಈಗ್ಲೇ ಹೇಳ್ಬುಟ್ರೆ ನಾಳೆ ನಾನು ಹೋಗಿ ಹಾಕೋದು ನನ್ನ ಓಟಾಗಲ್ಲ ಯಜಮಾನ್ರೆ. ನಿಮ್ಮ ಮಾತಾಯ್ತದೆ.’

‘ಅಕ್ಷರ ಕಲಿಯೋಕೆ ನಿಂಗೆ ಜಗುಲಿ ಕೊಟ್ಟೋನು ನಾನು, ನೆನಪಿದ್ಯಾ?’

ಅದು ನಿಜ. ಎರಡು ವರ್ಷ ಬಿಡಿಗಾಸು ಕೇಳದೆ ಜಾಗ ಕೊಟ್ಟರು, ದೀಪಕ್ಕೆ ಎಣ್ಣೆಯನ್ನೂ ಕೊಟ್ಟರು. ‘ಜಗುಲಿ ನಿಮ್ದು. ಆ ಉಪಕಾರ ಸಾಯೋಗಂಟ ಮರೆಯಾಕಿಲ್ಲ. ಓಟು ನಂದು’ ಎಂದು ಹೇಳಿ ಬಂದುಬಿಟ್ಟೆ. ಕುಂಕುಮವಿಲ್ಲದ ಹಣೆಯವಳು ಶುಭಕಾರ್ಯ ಕೆಡಿಸಿದಳು ಎಂದು ಯಾರೋ ಅಂದದ್ದು ಕೇಳಿಸಿತು. ನಾನು ತಿರುಗಿ ನೋಡಲಿಲ್ಲ.

ಇನ್ನೂರ ಎಂಟು ಹೆಂಗಸರು ಆಣೆ ಮಾಡಿದರಂತೆ. ಮಾದೇವಮ್ಮನೂ ಮಾಡಿದಳು. ಕುರಿಗಳ ಹಾಗೆ ಸಾಲಾಗಿ ಹೋದರು ಟೀಚರಮ್ಮ. ನನಗೆ ಅಳು ಬಂತು.

ಈಗ ಏನು ಮಾಡಲಿ? ಯಾವ ಕಚೇರಿಗೆ ಬರೆಯಬೇಕು, ಹೇಗೆ ಬರೆಯಬೇಕು, ಒಂದು ಅರ್ಜಿಯ ಮಾದರಿ ಬರೆದು ಕಳಿಸಿ. ಬೇಗ ಕಳಿಸಿ.

ಚಾಮುಂಡಮ್ಮ

•

ಚಿತ್ರದುರ್ಗ
೧೮ ಡಿಸೆಂಬರ್ ೧೯೫೧

ಚಾಮುಂಡಮ್ಮನವರೇ,

ನಿಮ್ಮ ಪತ್ರ ಓದಿ ಎದೆ ಹೊಡೆದುಕೊಂಡಿತು. ಅವಸರ ಬೇಡ. ಅರ್ಜಿ ಗಿರ್ಜಿ ಏನೂ ಬೇಡ.

ನೀವು ಅವರ ವಠಾರದಲ್ಲಿರುವವರು, ಅವರ ಛತ್ರಕ್ಕೆ ಎಲೆ ಹಾಕಿ ಜೀವನ ಮಾಡುವವರು. ಹಿಂದೆ ಮುಂದೆ ಗಂಡು ದಿಕ್ಕಿಲ್ಲ. ಇಲವಾಲದಲ್ಲಿರುವ ನಿಮ್ಮ ತಮ್ಮಂದಿರು ಇಂಥದ್ದಕ್ಕೆಲ್ಲ ಬರುವವರಲ್ಲ ಎಂದು ನೀವೇ ಹೇಳಿದ್ದೀರಿ. ಹೋಗಿ ಆ ಆಣೆ ಮಾಡಿಬಿಡಿ. ಪರದೆಯ ಹಿಂದೆ ನಿಮ್ಮ ಮನಸ್ಸಿಗೆ ಬಂದವರಿಗೆ ಹಾಕಿ. ಬಲವಂತದ ಆಣೆಯನ್ನು ಯಾವ ದೇವರೂ ಲೆಕ್ಕಕ್ಕೆ ಇಡುವುದಿಲ್ಲ. ಸಂಸಾರದಲ್ಲಿ ಹೆಂಗಸರು ಎಷ್ಟೋ ಕಡೆ ಬಾಯಲ್ಲಿ ಒಂದು ಹೇಳಿ ಮನಸ್ಸಿನಲ್ಲಿ ಒಂದು ಇಟ್ಟುಕೊಂಡೇ ಬದುಕಿರುವುದು. ಅದು ಹೇಡಿತನವಲ್ಲ, ಉಪಾಯ.

ಪಾಠ ಹೇಳುವಾಗಿನ ಮಾತು ಬೇರೆ, ಬಾಳುವ ಮಾತು ಬೇರೆ. ದಯವಿಟ್ಟು ನನ್ನ ಮಾತು ಕೇಳಿ.

ಗಿರಿಜಾಂಬಾ

•

ಒಂಟಿಕೊಪ್ಪಲ್
೨೯ ಡಿಸೆಂಬರ್ ೧೯೫೧

ಟೀಚರಮ್ಮನವರಿಗೆ,

ಪಾಠದ ಮಾತು ಬೇರೆ, ಬಾಳುವ ಮಾತು ಬೇರೆ ಎಂದು ಮೊದಲ ದಿನವೇ ಹೇಳಿದ್ದರೆ ನಾನು ಆ ಹೊತ್ತಿನಲ್ಲಿ ಇನ್ನೂ ಐವತ್ತು ಎಲೆ ಹಚ್ಚಿಕೊಳ್ಳುತ್ತಿದ್ದೆ.

ನೀವು ಮಾದರಿ ಕಳಿಸಲಿಲ್ಲ. ನಾನೇ ಬರೆದೆ. ನಾಲ್ಕು ಹಾಳೆ ಹರಿದುಹಾಕಿ ಐದನೆಯದರಲ್ಲಿ ಬರೆದೆ.

ಛತ್ರದಿಂದ ಎಲೆಯ ಕೆಲಸ ತಪ್ಪಿತು. ಅದು ಹೋಗಲಿ, ಮಾರುಕಟ್ಟೆಗೆ ಹೊತ್ತು ಮಾರುತ್ತೇನೆ. ಆದರೆ ಅವರು ವಠಾರದ ನಲ್ಲಿಗೆ ಪೆಟ್ಟಿಗೆ ಹೊಡೆಸಿ ಬೀಗ ಹಾಕಿಸಿದರು. ‘ಚಾಮುಂಡಮ್ಮ ಬಂದು ಆಣೆ ಮಾಡಿದ ದಿನ ಬೀಗ ತೆಗೀತೀನಿ’ ಎಂದು ಎಲ್ಲರಿಗೂ ಹೇಳಿಕಳಿಸಿದರು. ಹನ್ನೆರಡು ಮನೆಗೆ ಅದೊಂದೇ ನಲ್ಲಿ. ಬೀದಿಯ ನಲ್ಲಿಯ ಹತ್ತಿರ ಬೆಳಗಿನಿಂದ ಸಾಲು. ಹೆಂಗಸರೆಲ್ಲ ನನ್ನನ್ನು ನೋಡಿ ಮುಖ ತಿರುಗಿಸುತ್ತಾರೆ. ಮಾದೇವಮ್ಮ ಬಂದು ನನ್ನ ಕೈ ಹಿಡಿದುಕೊಂಡಳು. ‘ನನ್ನ ಸೊಸೆಗೆ ದಿನ ತುಂಬ್ಯದೆ ಕಣಕ್ಕಾ. ಒಂದು ಮಾತು ಅಂದ್ಬುಡು. ಬಾಯಿ ಏನು ಸವೆದೋಯ್ತದಾ?’ ಅಂದಳು.

ಅವಳ ಸೊಸೆಗೆ ದಿನಾ ನಾಲ್ಕು ಕೊಡ ನೀರು ನಾನೇ ಹೊತ್ತು ಹಾಕುತ್ತಿದ್ದೇನೆ. ಆಣೆ ಮಾತ್ರ ಮಾಡಲಿಲ್ಲ.

ಅರ್ಜಿ ತೆಗೆದುಕೊಂಡು ಚುನಾವಣೆ ಕಚೇರಿಗೆ ಹೋದೆ. ಗುಮಾಸ್ತ ಓದಿ, ‘ಯಾವ ಪಕ್ಷದೋರು ಕಳ್ಸಿದ್ದು ನಿನ್ನ?’ ಅಂದ.

‘ಯಾವ ಪಕ್ಷಾನೂ ಇಲ್ಲ. ನಲ್ಲಿ ಪಕ್ಷ’ ಅಂದೆ.

ಮಸಿಯ ಡಬ್ಬಿ ನನ್ನ ಕಡೆ ತಳ್ಳಿ, ‘ಇಲ್ಲಿ ಹೆಬ್ಬೆಟ್ಟು ಒತ್ತು’ ಅಂದ. ನಾನು ಅವನ ಮೇಜಿನ ಮೇಲಿದ್ದ ಲೇಖನಿಯನ್ನೇ ಎತ್ತಿಕೊಂಡು ರುಜು ಹಾಕಿದೆ. ಒಳಗಿನಿಂದ ವಯಸ್ಸಾದ ಅಧಿಕಾರಿಯೊಬ್ಬರು ಬಂದರು. ನಿಂತುಕೊಂಡೇ ಅರ್ಜಿಯನ್ನು ಪೂರ್ತಿ ಓದಿದರು. ‘ನಲ್ಲಿ ನಮ್ಮ ಕೈಲಿಲ್ಲಮ್ಮ. ಆದರೆ ಮತಗಟ್ಟೆಯಲ್ಲಿ ಪರದೆ ಹಿಂದೆ ಒಂದು ನರಪಿಳ್ಳೆ ಇಣುಕೋ ಹಾಗಿಲ್ಲ. ಅದು ನನ್ನ ಜವಾಬ್ದಾರಿ’ ಎಂದು ಹೇಳಿ, ಮೊಹರು ಒತ್ತಿ ರಶೀದಿ ಕೊಟ್ಟರು. ಅಷ್ಟೇ ಸಿಕ್ಕಿದ್ದು.

ನೀವು ಹೆದರಿದ್ದು ನನಗಾಗಿಯೋ ಬೇರೆ ಯಾತಕ್ಕೋ ನನಗೆ ಗೊತ್ತಾಗಲಿಲ್ಲ.

ಚಾಮುಂಡಮ್ಮ

•

ಒಂಟಿಕೊಪ್ಪಲ್
೧೦ ಫೆಬ್ರವರಿ ೧೯೫೨

ಟೀಚರಮ್ಮನವರಿಗೆ ನಮಸ್ಕಾರ.

ಆರು ವಾರವಾಯಿತು, ನಿಮ್ಮಿಂದ ಉತ್ತರವಿಲ್ಲ. ನನ್ನ ಕಾಗದದಿಂದ ಸಿಟ್ಟು ಬಂದಿರಬೇಕು. ಕಲಿಸಿದವರಿಗೆ ಹಾಗೆ ಬರೆಯಬಾರದಾಗಿತ್ತು. ಆದರೂ ನಡೆದದ್ದನ್ನು ನಿಮಗಲ್ಲದೆ ಯಾರಿಗೆ ಹೇಳಲಿ?

ಮೊದಲು ನಲ್ಲಿಯ ಕಥೆ. ಬೀಗ ಹಾಕಿದ ಹನ್ನೊಂದನೆಯ ದಿನ ಮಾದೇವಮ್ಮನ ಸೊಸೆಗೆ ಬೆಳಿಗ್ಗೆಯೇ ನೋವು ಶುರುವಾಯಿತು. ಸೂಲಗಿತ್ತಿ ಬಿಸಿನೀರು ಕೇಳಿದಳು. ಹಂಡೆ ಬರಿದು. ನಾನು ಕೊಡ ಎತ್ತಿಕೊಂಡು ಬೀದಿಗೆ ಓಡುವಷ್ಟರಲ್ಲಿ ಹಿಂದೆ ಧಡ್ ಎಂದು ಸದ್ದಾಯಿತು. ಮಾದೇವಮ್ಮ ರುಬ್ಬುವ ಗುಂಡನ್ನು ಎರಡು ಕೈಯಲ್ಲೂ ಎತ್ತಿ ಬೀಗದ ಮೇಲೆ ಹಾಕಿದ್ದಳು. ಮೂರು ಏಟಿಗೆ ಪೆಟ್ಟಿಗೆಯೇ ಕಿತ್ತುಬಂತು. ಗುರುಮಲ್ಲಪ್ಪನವರ ಗುಮಾಸ್ತ ಓಡಿಬಂದ. ‘ಓಟು ಅವಳ್ದು. ನೀರು ನಮ್ದು. ಎರಡ್ರ ತಂಟೆಗೂ ಬರ್ಬೇಡ ಅಂತ ನಿಮ್ಮ ಯಜಮಾನ್ರಿಗೆ ಹೇಳು’ ಎಂದು ಗುಂಡು ಹಿಡಿದುಕೊಂಡೇ ಅಂದಳು. ಅವನು ಬಂದ ದಾರಿಯಲ್ಲೇ ಹೋದ. ಹೆಣ್ಣು ಮಗು. ಇಬ್ಬರೂ ಚೆನ್ನಾಗಿದ್ದಾರೆ.

ಕಳೆದ ತಿಂಗಳು ಓಟು ಆಯಿತು. ಹೆಂಗಸರಿಗೇ ಬೇರೆ ಕೊಠಡಿ. ಎಲ್ಲರೂ ಹಬ್ಬಕ್ಕೆ ಹೊರಟ ಹಾಗೆ ಸೀರೆ ಉಟ್ಟಿದ್ದರು. ಬೆರಳಿಗೆ ಮಸಿ ಹಚ್ಚಿ ಚೀಟಿ ಕೊಟ್ಟರು. ಪರದೆಯೊಳಗೆ ಪೆಟ್ಟಿಗೆಗಳ ಸಾಲು, ಒಂದೊಂದರ ಮೇಲೂ ಒಂದೊಂದು ಚಿತ್ರ. ನಾನೊಬ್ಬಳೇ. ಹುಟ್ಟಿದ ಮನೆಯಲ್ಲಿ ಹದಿನಾಲ್ಕು ಜನ, ಸೇರಿದ ಮನೆಯಲ್ಲಿ ಅತ್ತೆ ಮಾವ ಮೈದುನರು, ಇಲ್ಲಿ ವಠಾರ. ಯಾರೂ ನೋಡದೆ ನಾನು ನಿಂತು ಯೋಚನೆ ಮಾಡಿದ ಜಾಗ ನನ್ನ ಆಯುಸ್ಸಿನಲ್ಲೇ ಅದೊಂದು. ಹೊರಗೆ ಬರಲು ಮನಸ್ಸಾಗಲಿಲ್ಲ. ‘ಬೇಗ ಬಾಮ್ಮ’ ಎಂದು ಕೂಗಿದ ಮೇಲೆ ಬಂದೆ.

ಬೀಗರು ಸೋತರು. ಅದರಲ್ಲಿ ಆಶ್ಚರ್ಯವಿಲ್ಲ, ಬೇರೆ ಕಡೆಯೂ ಸೋತಿದ್ದಾರೆ. ಆದರೆ ನಮ್ಮ ಹೆಂಗಸರ ಕೊಠಡಿಯ ಏಣಿ ಪೆಟ್ಟಿಗೆ ತೆರೆದರೆ ತೊಂಬತ್ತೇಳು ಚೀಟಿ ಇದ್ದವಂತೆ. ಆಣೆ ಮಾಡಿದವರು ಇನ್ನೂರ ಎಂಟು!

ಗುರುಮಲ್ಲಪ್ಪನವರು ಎಲ್ಲರನ್ನೂ ಛತ್ರಕ್ಕೆ ಕರೆಸಿ ಒಬ್ಬೊಬ್ಬರನ್ನೇ ಕೇಳಿದರು. ಒಬ್ಬೊಬ್ಬರೂ, ‘ನಾನು ಏಣಿಗೇ ಹಾಕ್ದೆ ಯಜಮಾನ್ರೆ, ದೇವ್ರಾಣೆ’ ಅಂದರು. ತೊಂಬತ್ತೇಳಾದ ಮೇಲೂ ಹಾಗೇ ಹೇಳುತ್ತ ಹೋದರು. ಒಬ್ಬಳ ಮುಖದಲ್ಲೂ ಒಂದು ಗೆರೆ ಅಲುಗಲಿಲ್ಲ. ಮುದುಕಿ ಬಸಮ್ಮನಂತೂ, ‘ಪೆಟ್ಟಿಗೇಲಿ ತೂತಿತ್ತೇನೋ ನೋಡ್ಸಿ’ ಅಂದಳು.

ಕೊನೆಗೆ ನನ್ನ ಕಡೆ ತಿರುಗಿ, ‘ನೀನು?’ ಅಂದರು.

‘ಹೇಳಾಕಿಲ್ಲ’ ಅಂದೆ.

‘ಮನೆ ಖಾಲಿ ಮಾಡು.’

‘ಕೋರ್ಟಿಂದ ಕಾಗ್ದ ತನ್ನಿ ಯಜಮಾನ್ರೆ, ಓದಿ ನೋಡ್ತೀನಿ.’

ಇನ್ನೂ ತಂದಿಲ್ಲ.

ಹೊರಗೆ ಬಂದ ಮೇಲೆ ಮಾದೇವಮ್ಮನನ್ನು ಕೇಳಿದೆ, ಆಣೆ ತಪ್ಪಿದರೆ ದೇವಿ ಸುಮ್ಮನಿರುತ್ತಾಳಾ ಎಂದು. ‘ಆಣೆ ಮಾಡಿದ್ದು ಬಾಯಿ ಕಣಕ್ಕಾ. ಪರದೆ ಒಳಿಕ್ಕೆ ಹೋಗಿದ್ದು ಕೈ’ ಎಂದು ಹೇಳಿ ನಕ್ಕಳು.

ನೀವು ಉಪಾಯ ಎಂದು ಬರೆದಿರಲ್ಲ, ಅವರು ಮಾಡಿದ್ದು ಅದನ್ನೇ. ನಾನು ಅವರನ್ನು ಕುರಿಗಳು ಎಂದುಕೊಂಡಿದ್ದೆ. ತಪ್ಪು ನನ್ನದು. ಅವರಿಗೆ ಅದು ಸರಿ. ನನಗೆ ಬಾಯಿಯೂ ಕೈಯೂ ಒಂದೇ ಕಡೆ ಇರಬೇಕು, ನನ್ನ ಹುಟ್ಟುಗುಣ.

ಚಿತ್ರದುರ್ಗದಲ್ಲಿ ಓಟು ಹೇಗಾಯಿತು? ಪರದೆಯೊಳಗೆ ನಿಂತಾಗ ನಿಮಗೆ ಏನನ್ನಿಸಿತು? ಯಾರಿಗೆ ಎಂದು ಕೇಳುತ್ತಿಲ್ಲ.

ಚಾಮುಂಡಮ್ಮ

•

ಚಿತ್ರದುರ್ಗ
೨ ಮಾರ್ಚ್ ೧೯೫೨

ಚಾಮುಂಡಮ್ಮನವರೇ,

ಸಿಟ್ಟಲ್ಲ. ಸಿಟ್ಟು ಬರುವ ಯೋಗ್ಯತೆ ನನಗಿರಲಿಲ್ಲ, ಅದಕ್ಕೇ ಬರೆಯಲಿಲ್ಲ.

ನಾನು ಓಟು ಹಾಕಲಿಲ್ಲ. ನನ್ನ ಹೆಸರು ಪಟ್ಟಿಯಲ್ಲಿರಲಿಲ್ಲ.

ಪಟ್ಟಿ ಬರೆಯಲು ಬಂದ ಕಚೇರಿಯ ಜವಾನನ ಎದುರಿಗೆ ಹೆಂಡತಿಯ ಹೆಸರು ಹೇಳುವುದು ನಮ್ಮ ಮನೆಯವರಿಗೆ ಗೌರವ ಅನ್ನಿಸಲಿಲ್ಲ. ‘ವೃಷಭೇಂದ್ರಪ್ಪನವರ ಪತ್ನಿ ಅಂತ ಬರ್ಕೊ, ಸಾಕು’ ಎಂದರು. ನಾನು ಅಡುಗೆಮನೆಯಲ್ಲಿದ್ದೆ, ಕೇಳಿಸಿತು. ಒಂದು ಹೆಜ್ಜೆ ಹೊರಗಿಟ್ಟು ಹೆಸರು ಹೇಳಬಹುದಾಗಿತ್ತು, ಹೇಳಲಿಲ್ಲ. ಆಮೇಲೆ ಆ ಸಾಲನ್ನು ಹೊಡೆದುಹಾಕಿದರು. ನೀವು ಸೆಪ್ಟೆಂಬರಿನಲ್ಲಿ ಕೇಳಿದಾಗಲೇ ನನಗೆ ಗೊತ್ತಿತ್ತು. ತಿದ್ದಿಸಲು ಇನ್ನೂ ಸಮಯವಿತ್ತು. ‘ನನ್ನ ಕಚೇರಿ ಪಟ್ಟಿ ಮೇಲೆ ನನ್ನ ಹೆಂಡತೀನೇ ತಕರಾರು ಮಾಡಿದ್ರೆ ನಾನು ತಲೆ ಎತ್ಕೊಂಡು ಓಡಾಡೋದು ಹೇಗೆ?’ ಎಂದರು. ಸುಮ್ಮನಾದೆ. ನಿಮಗೆ ಚಿಂತೆ ಬೇಡ ಎಂದು ಬರೆದೆ. ಪ್ರಜೆಯೇ ಪ್ರಭು ಎಂದೂ ಅದೇ ಕಾಗದದಲ್ಲಿ ಬರೆದೆ.

ಇನ್ನೂ ಇದೆ. ಮತದಾನದ ಮಾರನೆಯ ದಿನ ಹುಡುಗಿಯರು ಬೆರಳು ನೋಡಲು ಬರುತ್ತಾರೆಂದು ಗೊತ್ತಿತ್ತು. ಬೆಳಿಗ್ಗೆ ಶಾಲೆಯ ಮಸಿಕುಡಿಕೆಯಲ್ಲಿ ಬೆರಳು ಅದ್ದಿಕೊಂಡೆ. ಎಲ್ಲರಿಗೂ ಎತ್ತಿ ತೋರಿಸಿದೆ. ಮುಂದಿನ ಸಾಲಿನ ಹುಡುಗಿಯೊಬ್ಬಳು, ‘ನಿಮ್ಮದು ನೀಲಿ, ನಮ್ಮಮ್ಮಂದು ಕಪ್ಪು, ಯಾಕೆ ಟೀಚರ್?’ ಎಂದು ಕೇಳಿದಳು. ‘ಬೇರೆ ಮತಗಟ್ಟೆ’ ಎಂದೆ. ಮಧ್ಯಾಹ್ನ ಕೈ ತೊಳೆದಾಗ ಅದೂ ಹೋಯಿತು.

ನಿಮಗೆ ಆಣೆ ಮಾಡಿ ಎಂದು ಬರೆದದ್ದು ನಿಮ್ಮ ಬಗೆಗಿನ ಭಯದಿಂದಷ್ಟೇ ಅಲ್ಲ. ನೀವೂ ಒಮ್ಮೆ ತಗ್ಗಿದರೆ ನನ್ನ ಪಕ್ಕದಲ್ಲಿ ಒಬ್ಬರು ಇರುತ್ತಾರೆ ಅನ್ನಿಸಿತ್ತು.

ಇನ್ನು ಮುಂದೆ ನೀವು ನನ್ನನ್ನು ಟೀಚರಮ್ಮ ಎಂದು ಕರೆಯುವುದು ಬೇಡ.

ಗಿರಿಜಾಂಬಾ

•

ಒಂಟಿಕೊಪ್ಪಲ್
೧೨ ಮಾರ್ಚ್ ೧೯೫೨

ಟೀಚರಮ್ಮನವರಿಗೆ ನಮಸ್ಕಾರ.

ಏನೆಂದು ಕರೆಯಬೇಕೆಂಬುದು ನನ್ನಿಷ್ಟ.

ಮೊದಲನೆಯದು, ಅತ್ತುಕೊಂಡು ಕೂರಬೇಡಿ. ಪಟ್ಟಿಯನ್ನು ಮತ್ತೆ ತಿದ್ದುತ್ತಾರಂತೆ, ಅರ್ಜಿ ಕೊಟ್ಟವರನ್ನು ಸೇರಿಸುತ್ತಾರಂತೆ. ನನಗೆ ರಶೀದಿ ಕೊಟ್ಟ ಅದೇ ಅಧಿಕಾರಿಯನ್ನು ಕೇಳಿಕೊಂಡೇ ಬಂದೆ. ನೀವೇ ಕಚೇರಿಗೆ ಹೋಗಬೇಕು. ಮನೆಯವರ ಕೈಯಲ್ಲಿ ಕೊಟ್ಟುಕಳಿಸಬೇಡಿ. ಇದರ ಜೊತೆಗೆ ನನ್ನ ಅರ್ಜಿಯ ನಕಲು ಇಟ್ಟಿದ್ದೇನೆ. ಒತ್ತು ತಪ್ಪಿದ್ದರೆ ತಿದ್ದಿಕೊಂಡು ಮಾದರಿಗೆ ಇಟ್ಟುಕೊಳ್ಳಿ.

ಎರಡನೆಯದು, ನೀಲಿ ಮಸಿಯ ವಿಷಯ. ನನಗೆ ಹೇಳಿದರೆ ಏನು ಬಂತು? ನೀವು ಸುಳ್ಳು ಹೇಳಿದ್ದು ಆ ಹುಡುಗಿಯರಿಗೆ. ಅವರಿಗೆ ಹೇಳಿ. ಮುಖ್ಯವಾಗಿ ಆ ಮುಂದಿನ ಸಾಲಿನವಳಿಗೆ. ಅವಳು ಸರಿಯಾಗಿ ನೋಡಿದ್ದಳು. ತನ್ನ ಕಣ್ಣೇ ತಪ್ಪೆಂದು ಅವಳು ಬೆಳೆಯಬಾರದು.

ಇದಕ್ಕಿಂತ ಮೆತ್ತಗೆ ಬರೆಯಲು ನನಗೆ ಬರುವುದಿಲ್ಲ.

ಚಾಮುಂಡಮ್ಮ

•

ಚಿತ್ರದುರ್ಗ
೨೩ ನವೆಂಬರ್ ೧೯೫೨

ಚಾಮುಂಡಮ್ಮನವರೇ,

ಎಂಟು ತಿಂಗಳು ನಿಮಗೆ ಬರೆಯಲಿಲ್ಲ. ಬರೆಯುವಂಥದ್ದನ್ನು ಮಾಡುವವರೆಗೆ ಬರೆಯಬಾರದೆಂದು ನಿಶ್ಚಯಿಸಿದ್ದೆ.

ಹುಡುಗಿಯರಿಗೆ ಜೂನಿನಲ್ಲಿ ಶಾಲೆ ತೆರೆದ ದಿನವೇ ಹೇಳಿದೆ. ನಿಂತುಕೊಂಡು, ಸುತ್ತುಬಳಸದೆ ಹೇಳಿದೆ. ಆ ಹುಡುಗಿ ಎದ್ದು, ‘ನಂಗೆ ಗೊತ್ತಿತ್ತು ಟೀಚರ್’ ಎಂದು ಹೇಳಿ ಕೂತುಬಿಟ್ಟಳು. ಮುಖ್ಯೋಪಾಧ್ಯಾಯಿನಿಯವರು ಕರೆಸಿ ಬೈದರು. ಬೈಸಿಕೊಂಡೆ.

ಅಕ್ಟೋಬರಿನಲ್ಲಿ ಅರ್ಜಿ ಬರೆದು ನಾನೇ ಕಚೇರಿಯ ಟಪಾಲಿಗೆ ಕೊಟ್ಟುಬಂದೆ. ಮನೆಯಲ್ಲಿ ಹೇಳಲಿಲ್ಲ. ಆದರೆ ಅರ್ಜಿಗಳೆಲ್ಲ ಶಿರಸ್ತೇದಾರರ ಮೇಜಿಗೇ ಬರುತ್ತವೆ. ಅವರು ನೋಡಿಯೇ ಇರಬೇಕು. ಮೂರು ವಾರ ಅವರೂ ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ. ಊಟಕ್ಕೆ ಬಡಿಸುತ್ತಿದ್ದೆ, ಉಣ್ಣುತ್ತಿದ್ದರು. ಆ ಕಾಗದ ಅಲ್ಲೇ ಕಳೆದುಹೋಗುತ್ತದೆ, ವಿಚಾರಣೆಗೆ ಬರುವುದಿಲ್ಲ ಎಂದುಕೊಂಡಿದ್ದೆ.

ಈ ತಿಂಗಳ ಮೊದಲ ವಾರ ವಿಚಾರಣೆ ನಡೆಯಿತು. ಹೋಗಿ ಎಲ್ಲರ ಜೊತೆ ಬೆಂಚಿನ ಮೇಲೆ ಕೂತೆ. ಅಮಲ್ದಾರರು ನನ್ನನ್ನು ಗುರುತು ಹಿಡಿದು ಗಾಬರಿಯಾದರು. ‘ಶಿರಸ್ತೇದಾರ್ರ ಮನೆಯೋರು ಇಲ್ಲಿಗೆ ಯಾಕೆ ಬರೋಕೆ ಹೋದ್ರಿ? ಫಾರಂ ಮನೆಗೇ ಕಳಿಸ್ತಿದ್ವಲ್ಲ!’

‘ಮನೆಗೆ ಬಂದಾಗಲೇ ಸ್ವಾಮಿ, ಹೆಸರು ಹೋದದ್ದು’ ಎಂದೆ. ಎಲ್ಲರಿಗೂ ಕೇಳಿಸಿತು.

ಅರ್ಜಿದಾರರ ಹೆಸರು ಕೂಗುವುದು ಶಿರಸ್ತೇದಾರರ ಕೆಲಸ. ಹದಿನೈದು ಹೆಸರು ಕೂಗಿದರು. ಹದಿನಾರನೆಯ ಕಾಗದ ಕೈಗೆತ್ತಿಕೊಂಡು ನಿಂತರು. ಗುಮಾಸ್ತರೆಲ್ಲ ಬರೆಯುವುದು ಬಿಟ್ಟು ಅವರನ್ನೇ ನೋಡುತ್ತಿದ್ದರು. ಮದುವೆಯಾಗಿ ಹದಿನೆಂಟು ವರ್ಷ ಚಾಮುಂಡಮ್ಮನವರೇ. ‘ಇವಳೇ’, ‘ಕೇಳಿಸ್ತಾ’, ಇಷ್ಟರಲ್ಲೇ ಹದಿನೆಂಟು ವರ್ಷ ಕಳೆದಿತ್ತು. ಕೆಮ್ಮಿ, ಕೂಗಿದರು. ‘ಗಿರಿಜಾಂಬಾ!’

‘ಇದ್ದೇನೆ’ ಎಂದು ಎದ್ದುನಿಂತೆ.

ಅವತ್ತು ಸಂಜೆ ಮನೆಗೆ ಬಂದು ರುಮಾಲು ತೆಗೆದಿಟ್ಟರು. ಆಮೇಲೆ, ‘ಮುಂದಿನ ಚುನಾವಣೆಲಿ ಯಾರಿಗೆ ಹಾಕ್ಬೇಕು ಅಂತಿದ್ದೀಯ?’ ಎಂದರು. ನಾನು ಅವರ ಮುಖ ನೋಡಿದೆ. ‘ಬೇಡ ಬೇಡ, ಹೇಳ್ಬೇಡ’ ಎಂದು ತಾವೇ ಕೈಯಾಡಿಸಿ ಎದ್ದುಹೋದರು.

ಮನೆಯಲ್ಲಿ ಎಲ್ಲ ಸರಿಹೋಯಿತು ಎಂದಲ್ಲ. ಕಚೇರಿಯಲ್ಲಿ ಅವರನ್ನು ಆಡಿಕೊಳ್ಳುತ್ತಿದ್ದಾರಂತೆ. ಅದನ್ನು ನನ್ನ ಮೇಲೆ ಹಾಕಿ ಎರಡು ದಿನಕ್ಕೊಮ್ಮೆ ಮುನಿಸು. ಇರಲಿ. ಮುನಿಸನ್ನು ಸಹಿಸುವುದು ನನಗೆ ಹೊಸದಲ್ಲ. ಹೆಸರಿಟ್ಟುಕೊಂಡು ಸಹಿಸುವುದು ಹೊಸದು.

ನಿಮ್ಮ ಅರ್ಜಿಯಲ್ಲಿ ನಾಲ್ಕು ಒತ್ತಕ್ಷರ ತಪ್ಪಿತ್ತು. ನಾನು ತಿದ್ದಲಿಲ್ಲ.

ಗಿರಿಜಾಂಬಾ

•

ಒಂಟಿಕೊಪ್ಪಲ್
೯ ಆಗಸ್ಟ್ ೧೯೫೩

ಟೀಚರಮ್ಮನವರಿಗೆ ನಮಸ್ಕಾರ.

ಇವತ್ತು ಬೆಳಿಗ್ಗೆ ನಡೆದದ್ದನ್ನು ಬಿಸಿ ಆರುವ ಮೊದಲೇ ಬರೆಯುತ್ತಿದ್ದೇನೆ.

ಪುರಸಭೆಯ ಚುನಾವಣೆ ಬರುತ್ತಿದೆ. ಈ ಸಲ ಗುರುಮಲ್ಲಪ್ಪನವರೇ ನಿಂತಿದ್ದಾರೆ. ಯಾರನ್ನೂ ಛತ್ರಕ್ಕೆ ಕರೆಸಲಿಲ್ಲ. ಕರ್ಪೂರವೂ ಇಲ್ಲ, ಪಟವೂ ಇಲ್ಲ. ತಾವೇ ವಠಾರಕ್ಕೆ ಬಂದರು. ಹನ್ನೆರಡು ಬಾಗಿಲಿಗೂ ಹೋಗಿ ಕೈಮುಗಿದರು. ಕೊನೆಗೆ ನನ್ನ ಬಾಗಿಲಿಗೆ ಬಂದರು. ನಾನು ಎಲೆ ಹಚ್ಚುತ್ತ ಕೂತಿದ್ದೆ. ಏಳಲು ಹೋದೆ.

‘ಕೂತ್ಕೊಳ್ಳಿ ಚಾಮುಂಡಮ್ಮ, ಕೂತ್ಕೊಳ್ಳಿ’ ಅಂದರು. ಹದಿನಾರು ವರ್ಷ ಅವರ ವಠಾರದಲ್ಲಿದ್ದೇನೆ, ಬಹುವಚನ ಇದೇ ಮೊದಲು. ‘ಈ ಸಲ ನಾನೇ ನಿಂತಿದ್ದೀನಿ. ಹಳೇದೆಲ್ಲ ಮರೆತು ನಿಮ್ಮ ಓಟು ನಂಗೆ ಕೊಡ್ಬೇಕು.’

‘ಕೇಳಾಕೆ ಬಂದ್ರಲ್ಲ ಯಜಮಾನ್ರೆ, ಸಂತೋಷ. ಕೊಡ್ತೀನೋ ಇಲ್ವೋ ಹೇಳಾಕಿಲ್ಲ.’

ಅವರು ಸಿಟ್ಟಾಗುತ್ತಾರೆ ಎಂದುಕೊಂಡೆ. ಹುಬ್ಬು ಗಂಟಿಕ್ಕಿತು, ಆಮೇಲೆ ಸಡಿಲವಾಯಿತು. ‘ಹೇಳಲ್ಲ ಅಂತ ಗೊತ್ತು. ಆದ್ರೂ ಕೇಳ್ಬೇಕಲ್ಲ’ ಅಂದರು.

‘ಕೇಳಿದ ಮೇಲೆ ನೀವೂ ಒಂದಷ್ಟು ಕೇಳುಸ್ಕೊಬೇಕು’ ಎಂದು ಹೇಳಿ ಮಣೆ ಹಾಕಿದೆ. ಅಷ್ಟು ಹೊತ್ತಿಗೆ ಹೆಂಗಸರೆಲ್ಲ ಸುತ್ತ ಸೇರಿದ್ದರು. ಕಕ್ಕಸಿನ ಬಾಗಿಲು ಮುರಿದು ಎರಡು ವರ್ಷವಾಯಿತು ಎಂದಳು ಒಬ್ಬಳು. ಬೀದಿಯ ದೀಪ ಉರಿಯುವುದಿಲ್ಲ ಎಂದಳು ಇನ್ನೊಬ್ಬಳು. ನಮ್ಮ ಅಕ್ಷರದ ತರಗತಿಗೆ ಜಗುಲಿ ಮತ್ತೆ ಬೇಕು ಎಂದು ನಾನು ಕೇಳಿದೆ. ಈ ಸಲ ಕಲಿಸುವುದು ನಾನೇ ಎಂದೂ ಹೇಳಿದೆ. ಬಸಮ್ಮ ತನ್ನ ಮೊಣಕಾಲು ನೋವಿನ ವಿಷಯವನ್ನೂ ಹೇಳಿಕೊಂಡಳು. ಅದಕ್ಕೆ ಅವರೇನು ಮಾಡಿಯಾರು? ಆದರೂ ಕೇಳಿಸಿಕೊಂಡರು. ಅವರ ಗುಮಾಸ್ತ ಕೂತು ಬರೆದುಕೊಂಡ. ಒಂದು ಗಂಟೆಯೇ ಆಗಿರಬೇಕು. ಬೆವರು ಒರೆಸಿಕೊಂಡು, ‘ಆಯ್ತಮ್ಮ, ಇನ್ನೂ ನಾಲ್ಕು ಬೀದಿ ತಿರುಗ್ಬೇಕು’ ಎಂದು ಎದ್ದು, ಚಪ್ಪಲಿ ಮೆಟ್ಟಿಕೊಂಡು ಬಾಗಿಲ ಹತ್ತಿರ ಹೋದರು.

ಒಳಗಿನಿಂದ ಮಾದೇವಮ್ಮ ಮೊಮ್ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದಳು.

‘ಅಯ್ಯೋ ನಿಂತ್ಕೊಳಿ ಯಜಮಾನ್ರೆ, ನಂದಿನ್ನೂ ಆಗಿಲ್ಲ. ಚರಂಡಿ ಇಸ್ಯ ಯಾರೂ ಹೇಳ್ಲೇ ಇಲ್ವಲ್ಲ!’ ಎಂದು ಕೂಗಿದಳು.

ಅವರು ನಿಂತರು.

ಚಾಮುಂಡಮ್ಮ